ಹಂಸದ ರೆಕ್ಕೆಯಲ್ಲಿ ಜೋಡಿ ಸೂರ್ಯ

ಕುವೆಂಪುನಗರದ ನಮ್ಮ ತಾರಸಿಯಿಂದ ಮೂರು ರಾತ್ರಿ ಹುಡುಕಿದೆ, ಸಿಗಲಿಲ್ಲ. ದಸರಾ ಹತ್ತಿರ ಬಂದಿತ್ತು. ಬೀದಿ ದೀಪಾಲಂಕಾರದ ಟ್ರಯಲ್ ಬೇರೆ. ಉತ್ತರದ ಆಕಾಶವೆಲ್ಲ ನೀರುಮಜ್ಜಿಗೆ ಥರ ಬಿಳುಪು.

ಹುಡುಕುತ್ತಿದ್ದದ್ದು ರಾಜಹಂಸ (ಸಿಗ್ನಸ್) ನಕ್ಷತ್ರಪುಂಜದ 16 ಸಿಗ್ನಿ. ಸುಮಾರು 69 ಜ್ಯೋತಿರ್ವರ್ಷ ದೂರದಲ್ಲಿ, ನಮ್ಮ ಸೂರ್ಯನಂಥವೇ ಎರಡು ನಕ್ಷತ್ರ. ಅದರಲ್ಲಿ ಒಂದಕ್ಕೆ ಗ್ರಹ ಇದೆ ಅಂತ 1996ರಲ್ಲಿ ಗೊತ್ತಾಯಿತು.

ಮಹಾಲಯ ಅಮಾವಾಸ್ಯೆಗೆ ಎಡೆ ಇಡಲು ಮೇಲುಕೋಟೆ ಹತ್ತಿರ ಸೋದರಮಾವನ ಮನೆಗೆ ಹೇಗೂ ಹೋಗಬೇಕಿತ್ತು. ಆರು ಇಂಚಿನ ಟೆಲಿಸ್ಕೋಪನ್ನೂ ಹೊರಡಿಸಿದೆ. ಅದಕ್ಕೆ ಹಿಂದಿನ ಸೀಟು ಪೂರ್ತಿ. ಎಡೆ ಸಾಮಾನೆಲ್ಲ ಹೆಂಡತಿ ತೊಡೆ ಮೇಲೆ.

ರಾತ್ರಿ ಎಂಟಕ್ಕೆ ಕಬ್ಬಿನ ಗದ್ದೆ ಬದುವಿನಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತೆ. ರಾಜಹಂಸ ದಿಗಂತಕ್ಕೂ ನೆತ್ತಿಗೂ ನಡುವೆ, ಅರ್ಧಕ್ಕಿಂತ ಮೇಲೆ ಏರಿತ್ತು. ರೆಕ್ಕೆಯ ಡೆಲ್ಟಾ ನಕ್ಷತ್ರ ಹಿಡಿದೆ, ಅಲ್ಲಿಂದ ಅಯೋಟಾ, ಪಕ್ಕದಲ್ಲೇ ಥೀಟಾ. ಥೀಟಾದಿಂದ ಪೂರ್ವಕ್ಕೆ ಎರಡು ಹುಣ್ಣಿಮೆ ಚಂದ್ರನಷ್ಟು ಜರುಗಿಸಿದರೆ ಸಾಕು. ಕಡಿಮೆ ಪವರಿನ 25 ಮಿ.ಮೀ. ಐಪೀಸಿನಲ್ಲಿ (ಕಣ್ಣಿಟ್ಟು ನೋಡುವ ಮಸೂರ) ಎರಡು ಹಳದಿ ಚುಕ್ಕಿ. ಅಕ್ಕಪಕ್ಕ, ಹೆಚ್ಚುಕಮ್ಮಿ ಒಂದೇ ಹೊಳಪು. ನನ್ನ ತಪ್ಪು ಇಷ್ಟೇ: ಊರಲ್ಲಿ ಸುಮ್ನೆ ಜಾಸ್ತಿ ಪವರಿನ ಐಪೀಸ್ ಹಾಕಿ ದಾರಿ ತಪ್ಪಿದ್ದೆ.

ಮಾವನನ್ನು ಕರೆದೆ. ನೋಡಿ, ‘ಗ್ರಹ ಎಲ್ಲಿ?’ ಅಂದರು. ಕಾಣಲ್ಲ. ಕಂಡುಹಿಡಿದವರಿಗೂ ಕಂಡಿರಲಿಲ್ಲ. ಮಗುವಿನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸುವಾಗ ನಾವೂ ಕೊಂಚ ವಾಲುತ್ತೇವಲ್ಲ, ನಕ್ಷತ್ರವೂ ಹಾಗೆ ವಾಲುತ್ತೆ. ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಆ ಅಲ್ಲಾಟ ಅಳೆದರು. ಗ್ರಹದ ತೂಕ ಕನಿಷ್ಠ ಗುರುವಿನ ಒಂದೂವರೆ ಪಟ್ಟು. ಒಂದು ಸುತ್ತಿಗೆ ಸುಮಾರು 800 ದಿನ. ದಾರಿ ಮಾತ್ರ ವಿಚಿತ್ರ, ಉದ್ದ ಮೊಟ್ಟೆಯಂತೆ. ನಮ್ಮಲ್ಲಿ ಇದ್ದಿದ್ದರೆ ಒಮ್ಮೆ ಶುಕ್ರನಿಗಿಂತ ಒಳಗೆ ಬಂದು, ಆಮೇಲೆ ಮಂಗಳನನ್ನೂ ದಾಟಿ ಹೋಗುತ್ತಿತ್ತು. ಇನ್ನೊಂದು ನಕ್ಷತ್ರದ ಎಳೆತ ಇದಕ್ಕೆ ಕಾರಣ ಇರಬಹುದು ಅನ್ನುತ್ತಾರೆ.

‘ಯಾವುದಕ್ಕೆ ಗ್ರಹ?’

‘ಸ್ವಲ್ಪ ಮಂಕಾಗಿದೆಯಲ್ಲ, ಅದಕ್ಕೆ. ದೊಡ್ಡದಕ್ಕೆ ಇನ್ನೂ ಸಿಕ್ಕಿಲ್ಲ.’

‘ಹಂಗಾದ್ರೆ ಕಿರಿಯೋನ್ಗೇ ಮೊದ್ಲು ಸಂಸಾರ ಆಯ್ತು ಅನ್ನು ಕಣ್ಲಾ!’

ಅಲ್ಲೇ ಅರ್ಧ ಡಿಗ್ರಿ ಪೂರ್ವಕ್ಕೆ ಎನ್‌ಜಿಸಿ 6826 ಇದೆ, ಸಾಯುತ್ತಿರುವ ನಕ್ಷತ್ರ ಹೊರಚೆಲ್ಲಿದ ಅನಿಲದ ಮೋಡ. ಬಿಡಬೇಡಿ. ನೇರ ನೋಡಿದರೆ ಮಾಯ, ಓರೆಗಣ್ಣಲ್ಲಿ ನೋಡಿದರೆ ಹಾಜರ್. ಮಾವ ಅದರಲ್ಲೇ ಮುಳುಗಿಬಿಟ್ಟರು. ಹತ್ತಕ್ಕೆ ಕನ್ನಡಿ ಮೇಲೆ ಇಬ್ಬನಿ ಕೂತ ಮೇಲೇ ಎದ್ದದ್ದು.