ಗಣಿತದ ಟೀಚರ್ ಡಿಡಿಪಿಐ ಆದ ದಾರಿ

ಜಿಲ್ಲೆಯ ಶಾಲೆಗಳನ್ನು ನೋಡಿಕೊಳ್ಳುವ ಉಪನಿರ್ದೇಶಕರ ಕುರ್ಚಿಗೆ, ಅಂದರೆ ಡಿಡಿಪಿಐ ಹುದ್ದೆಗೆ, ಹೇಗೆ ಬಂದಿರಿ ಎಂದು ಹೊಸದಾಗಿ ಮುಖ್ಯ ಶಿಕ್ಷಕರಾದವರು ನನ್ನನ್ನು ಕೇಳುತ್ತಿರುತ್ತಾರೆ. ಕೇಳುವ ರೀತಿಯಲ್ಲೇ ಒಂದು ಗುಮಾನಿ ಇರುತ್ತದೆ. 'ಯಾರನ್ನ ಹಿಡಿದ್ರಿ ಮೇಡಂ?' ಯಾರನ್ನೂ ಹಿಡಿಯದೆ ಬರಬಹುದು. ಸ್ವಲ್ಪ ನಿಧಾನ ಆಗುತ್ತದೆ, ಅಷ್ಟೇ. ಆದರೆ ನಡುವೆ ಯಾವ್ಯಾವ ಹುದ್ದೆಯಲ್ಲಿ ಕೂತಿರಿ, ಅಲ್ಲಿ ಏನು ಕಲಿತಿರಿ ಎನ್ನುವುದರ ಮೇಲೆ ಮುಂದಿನದು ನಿಂತಿದೆ.

ನಮ್ಮ ಇಲಾಖೆಯಲ್ಲಿ ಮೇಲೆ ಬರಲು ಎರಡು ಬಾಗಿಲು. ಒಂದು, ರಾಜ್ಯದ ಲೋಕಸೇವಾ ಆಯೋಗದ, ಅಂದರೆ ಕೆಪಿಎಸ್‌ಸಿಯ, ಪರೀಕ್ಷೆ ಬರೆದು ನೇರವಾಗಿ ಗೆಜೆಟೆಡ್ ಹುದ್ದೆಗೆ ಸೇರುವುದು. ಇನ್ನೊಂದು, ಸಹ ಶಿಕ್ಷಕರಾಗಿ ಸೇರಿ ಜ್ಯೇಷ್ಠತಾ ಪಟ್ಟಿಯಲ್ಲಿ ಹೆಸರು ಮೇಲೆ ಬರುವುದನ್ನು ಕಾಯುವುದು. ಕಾದು ಕಾದು ಮುಖ್ಯ ಶಿಕ್ಷಕರಾಗಿಯೇ ನಿವೃತ್ತರಾದವರು ಬಹಳ. ನಾನು ಹೈಸ್ಕೂಲಿನಲ್ಲಿ ಕೆಲವು ವರ್ಷ ಗಣಿತ ಹೇಳಿಕೊಟ್ಟು, ಆಮೇಲೆ ಕೆಪಿಎಸ್‌ಸಿ ಬರೆದು ಗ್ರೂಪ್ ಬಿ ಮುಖ್ಯ ಶಿಕ್ಷಕಿಯಾದೆ. ನೇರ ನೇಮಕಾತಿಯವರಿಗೆ ವಯಸ್ಸು ಕಡಿಮೆ, ಬಡ್ತಿಯವರಿಗೆ ಅನುಭವ ಜಾಸ್ತಿ. ಇವರ ನಡುವಿನ ಜ್ಯೇಷ್ಠತೆಯ ಜಗಳ ಕೋರ್ಟಿಗೆ ಹೋದರೆ ಬಡ್ತಿ ಪಟ್ಟಿ ಕೂತಲ್ಲೇ ಕೂರುತ್ತದೆ.

ಸರ್ಕಾರಿ ಹೈಸ್ಕೂಲಿನ ಮುಖ್ಯ ಶಿಕ್ಷಕರು ಬಟವಾಡೆ ಅಧಿಕಾರಿಯೂ ಹೌದು. ಸಂಬಳದ ಬಿಲ್, ಖಜಾನೆಯ ಆಕ್ಷೇಪಣೆ, ರಜೆ ಲೆಕ್ಕ, ಸೇವಾ ಪುಸ್ತಕದ ನಮೂದು ಎಲ್ಲ ಅವರ ತಲೆಗೇ. ಇದನ್ನು ಗುಮಾಸ್ತರಿಗೆ ಬಿಟ್ಟು ಸುಮ್ನೆ ಸಹಿ ಹಾಕುವವರಿದ್ದಾರೆ. ನಾನು ಎಸ್‌ಡಿಎ, ಅಂದರೆ ದ್ವಿತೀಯ ದರ್ಜೆ ಸಹಾಯಕರ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು ಕಲಿತೆ. ಅಕೌಂಟ್ಸ್ ಹೈಯರ್, ಜನರಲ್ ಲಾ ತರಹದ ಇಲಾಖಾ ಪರೀಕ್ಷೆಗಳನ್ನು ಆಗಲೇ ಮುಗಿಸಿದೆ. ಕಡತ ಓದಲು ಬಾರದ ಅಧಿಕಾರಿಯನ್ನು ಕಚೇರಿ ಒಂದೇ ವಾರದಲ್ಲಿ ಅಳೆದುಬಿಡುತ್ತದೆ. ಆಮೇಲೆ ಅವರ ಟೇಬಲ್ಲಿಗೆ ಏನು ಬರಬೇಕು, ಏನು ಬರಬಾರದು ಎನ್ನುವುದನ್ನು ಬೇರೆಯವರು ತೀರ್ಮಾನಿಸುತ್ತಾರೆ.

ಅಲ್ಲಿಂದ ಬಿಇಒ, ಅಂದರೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ. ತಾಲ್ಲೂಕಿನ ಪ್ರಾಥಮಿಕ ಶಿಕ್ಷಕರ ಸಂಬಳದಿಂದ ಬಿಸಿಯೂಟದ ಅಕ್ಕಿಯವರೆಗೆ ಎಲ್ಲದಕ್ಕೂ ಜನ ಬರುವುದು ಬಿಇಒ ಹತ್ತಿರ. 2001ರ ಆದೇಶದಲ್ಲಿ ಎಸ್‌ಡಿಎಂಸಿಗಳು, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಬಂದ ಮೇಲೆ ಊರಿನ ರಾಜಕೀಯವೂ ಶಾಲೆಯ ಅಂಗಳಕ್ಕೆ ಬಂತು. ಅಧ್ಯಕ್ಷರ ಆಯ್ಕೆ ಗಲಾಟೆಯಾದರೆ ಪಂಚಾಯ್ತಿ ಮಾಡಲು ನಾವೇ ಹೋಗಬೇಕು. ಒಂದು ವಿಷಯ ಹೊರಗಿನವರಿಗೆ ಗೊತ್ತಿರುವುದಿಲ್ಲ. 2007ರಲ್ಲಿ ಶಿಕ್ಷಕರ ವರ್ಗಾವಣೆಗೆ ಕಾಯ್ದೆ ಬಂತು, ಎಲ್ಲ ಕೌನ್ಸೆಲಿಂಗ್ ಆಯಿತು. ಒಳ್ಳೆಯದೇ. ಆದರೆ ಶಿಫಾರಸು ನಿಲ್ಲಲಿಲ್ಲ, 'ನಿಯೋಜನೆ'ಯ ಕಡೆ ತಿರುಗಿತು. ಹುದ್ದೆ ಹಳ್ಳಿಯಲ್ಲಿ, ಕೆಲಸ ಪಟ್ಟಣದಲ್ಲಿ. ಅಂಥ ಶಿಫಾರಸು ಚೀಟಿ ಹಿಡಿದು ಬಂದವರಿಗೆ ನಾನು ಆ ಹಳ್ಳಿ ಶಾಲೆಯ ಮಕ್ಕಳ ಸಂಖ್ಯೆ, ಅಲ್ಲಿ ಉಳಿಯುವ ಶಿಕ್ಷಕರ ಸಂಖ್ಯೆ ಎರಡನ್ನೂ ಹಾಳೆಯಲ್ಲಿ ಬರೆದು ಕೈಗೆ ಕೊಡುತ್ತಿದ್ದೆ. 'ಇದರ ಮೇಲೆ ಸಾಹೇಬರ ಸಹಿ ಹಾಕಿಸಿಕೊಂಡು ಬನ್ನಿ' ಎನ್ನುತ್ತಿದ್ದೆ. ಹೆಚ್ಚಿನವರು ವಾಪಸ್ ಬರುತ್ತಿರಲಿಲ್ಲ.

ಬಹುಶಃ ಅದಕ್ಕೇ ಇರಬೇಕು, ಅವಧಿ ಮುಗಿಯುವ ಮೊದಲೇ ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆ ಡಯಟ್‌ಗೆ ಹಿರಿಯ ಉಪನ್ಯಾಸಕಿಯಾಗಿ ಎತ್ತಂಗಡಿ ಆಯಿತು. ದರ್ಜೆ ಅದೇ, ಸಂಬಳ ಅದೇ. ಜೀಪು ಇಲ್ಲ, ಬಾಗಿಲಲ್ಲಿ ಕಾಯುವ ಜನ ಇಲ್ಲ. ಸಹೋದ್ಯೋಗಿಗಳು ಸಾವಿಗೆ ಬಂದವರ ಹಾಗೆ ಮಾತನಾಡಿಸಿಕೊಂಡು ಹೋದರು. 1986ರ ಶಿಕ್ಷಣ ನೀತಿಯಿಂದ ಹುಟ್ಟಿದ ಈ ಸಂಸ್ಥೆಗಳಿಗೆ ನಮ್ಮ ಇಲಾಖೆಯಲ್ಲಿ ಇರುವ ಮರ್ಯಾದೆ ಅಷ್ಟು. ಜಿಲ್ಲೆಗೆ ಇಬ್ಬರು ಉಪನಿರ್ದೇಶಕರು, ಒಬ್ಬರು ಆಡಳಿತಕ್ಕೆ, ಇನ್ನೊಬ್ಬರು ಅಭಿವೃದ್ಧಿಗೆ. ಅಭಿವೃದ್ಧಿಯವರೇ ಡಯಟ್ ಪ್ರಾಂಶುಪಾಲರು. ಕಾಗದದ ಮೇಲೆ ಇಬ್ಬರೂ ಸಮ. ಜಿಲ್ಲೆಯಲ್ಲಿ ಯಾರನ್ನು ಕೇಳಿದರೂ ಡಿಡಿಪಿಐ ಎಂದರೆ ಆಡಳಿತದವರು.

ಆ ಡಯಟ್ ವರ್ಷಗಳೇ ನನಗೆ ಜಾಸ್ತಿ ಕಲಿಸಿದವು. ಕೈಯಲ್ಲಿ ಸಮಯ ಇತ್ತು. ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ಉತ್ತರ ಪತ್ರಿಕೆಗಳನ್ನು ಶಾಲೆಗಳಿಂದ ತರಿಸಿಕೊಂಡು, ಫೇಲಾದವರದ್ದನ್ನು ಮಾತ್ರ ಪ್ರಶ್ನೆವಾರು ಬಿಡಿಸಿ ನೋಡಿದೆವು. ಪ್ರಮೇಯ ಬಾರದೆ ಫೇಲಾಗುತ್ತಿದ್ದಾರೆ ಎಂದು ಎಲ್ಲರೂ ಅಂದುಕೊಂಡಿದ್ದೆವು. ನೋಡಿದರೆ ಮಕ್ಕಳು ಸೋಲುತ್ತಿದ್ದದ್ದು ಋಣ ಸಂಖ್ಯೆ ಕಳೆಯುವಲ್ಲಿ, ಭಿನ್ನರಾಶಿಯಲ್ಲಿ. ಸೂತ್ರ ಸರಿ ಬರೆದು, ಬೆಲೆ ಹಾಕಿ, ಕೊನೆಯ ಎರಡು ಸಾಲಿನಲ್ಲಿ ಎಡವುತ್ತಿದ್ದರು. ಹತ್ತನೇ ಕ್ಲಾಸಿನ ಸೋಲು ಆರು, ಏಳನೇ ಕ್ಲಾಸಿನಲ್ಲೇ ಶುರುವಾಗಿತ್ತು.

ಮುಂದೆ ಬಡ್ತಿ ಬಂದು ಆಡಳಿತದ ಡಿಡಿಪಿಐ ಆದಾಗ ಅಧಿಕಾರ ಅಂದುಕೊಂಡದ್ದಕ್ಕಿಂತ ಕಡಿಮೆ ಅನ್ನುವುದು ತಿಳಿಯಿತು. ಬೆಂಗಳೂರಿನಲ್ಲಿ ಆಯುಕ್ತರು, ಜಿಲ್ಲೆಯಲ್ಲಿ ಜಿಲ್ಲಾ ಪಂಚಾಯ್ತಿ ಸಿಇಒ, ಪರೀಕ್ಷೆ ಬಂದರೆ ಜಿಲ್ಲಾಧಿಕಾರಿ. ಎಲ್ಲರಿಗೂ ಉತ್ತರ ಕೊಡಬೇಕು. ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ ಸೋರುವ ಕೊಠಡಿಯ ಬಗ್ಗೆ ಬೈಸಿಕೊಳ್ಳುವುದು ನಾವು, ಅದನ್ನು ಕಟ್ಟುವ ಇಂಜಿನಿಯರ್ ಬೇರೆ ಇಲಾಖೆಯವರು. ಅಮೆರಿಕದಲ್ಲಿರುವ ಅಕ್ಕನ ಮಗಳು ಅಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್ ಬಗ್ಗೆ ಹೇಳುತ್ತಿರುತ್ತಾಳೆ. ಅಲ್ಲೂ ಟೀಚರ್, ಪ್ರಿನ್ಸಿಪಾಲ್, ಕೇಂದ್ರ ಕಚೇರಿ ದಾಟಿಯೇ ಹೆಚ್ಚಿನವರು ಬರುತ್ತಾರಂತೆ. ಆದರೆ ಹೆಚ್ಚಿನ ಕಡೆ ಜನ ಆರಿಸಿದ ಸ್ಥಳೀಯ ಶಾಲಾ ಮಂಡಳಿ ಅವರನ್ನು ಕರಾರಿನ ಮೇಲೆ ತೆಗೆದುಕೊಳ್ಳುತ್ತದೆ. ಸರಿ ಬರದಿದ್ದರೆ ಕಳಿಸುತ್ತದೆ. ನಮ್ಮಲ್ಲಿ ಕೆಲಸ ಗಟ್ಟಿ, ಜಾಗ ಗಟ್ಟಿಯಲ್ಲ. ಯಾವುದು ವಾಸಿಯೋ! ನಮ್ಮ ಪದ್ಧತಿಯ ದೊಡ್ಡ ತೊಂದರೆ ಎಂದರೆ ಈ ಬಡ್ತಿ ಬರುವ ಹೊತ್ತಿಗೆ ಬಹಳ ಜನಕ್ಕೆ ಅರವತ್ತು ಹತ್ತಿರ ಬಂದಿರುತ್ತದೆ. ಜಿಲ್ಲೆ ಅರ್ಥವಾಗುವಷ್ಟರಲ್ಲಿ ಪಿಂಚಣಿ ಕಾಗದ ಶುರು.

ಬಡ್ತಿ ತಡವಾದಾಗ ಸರ್ಕಾರ ಸೇವಾ ನಿಯಮಾವಳಿಯ ನಿಯಮ 32ರಲ್ಲಿ ಮೇಲಿನ ಹುದ್ದೆಯ ಸ್ವತಂತ್ರ ಪ್ರಭಾರ ಕೊಡುವುದುಂಟು. ಕುರ್ಚಿ ಸಿಗುತ್ತದೆ, ಜ್ಯೇಷ್ಠತೆ ಸಿಗುವುದಿಲ್ಲ. ಕಿರಿಯರು ಕೇಳಿದರೆ ತೆಗೆದುಕೊಳ್ಳಿ ಎನ್ನುತ್ತೇನೆ, ಆದರೆ ಆದೇಶವನ್ನು ಪೂರ್ತಿ ಓದಿಕೊಂಡು.

2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂತು. ನಕಲು ತಡೆಯಲು ಕೊಠಡಿಯಲ್ಲಿ ಕ್ಯಾಮೆರಾ. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಗ್ರೇಸ್ ಅಂಕ ಜಾಸ್ತಿ ಮಾಡಿದ ಮೇಲೂ 73.40ಕ್ಕೆ ಇಳಿಯಿತು. ನಮ್ಮ ಜಿಲ್ಲೆಯೂ ಇಳಿಯಿತು. ಕಡಿಮೆ ಬಂದ ಶಾಲೆಗಳಿಗೆ ನೋಟಿಸ್ ಕೊಡಿ ಎಂದು ಎಲ್ಲ ಕಡೆಯಿಂದ ಒತ್ತಡ. ನೋಟಿಸ್ ಕೊಟ್ಟೆ, ಕೊಡಲೇಬೇಕಿತ್ತು. ಜೊತೆಗೆ ಡಯಟ್‌ನಿಂದ ಆ ಹಳೇ ವಿಶ್ಲೇಷಣೆ ತೆಗೆಸಿ, ಎಂಟನೇ ಕ್ಲಾಸಿಗೆ ಬಂದ ಮಕ್ಕಳಿಗೆ ಮೊದಲ ಕೆಲವು ವಾರ ಬರೀ ಋಣ ಸಂಖ್ಯೆ, ಭಿನ್ನರಾಶಿ, ಬೀಜಗಣಿತದ ಮೊದಲ ಪಾಠ ಮಾಡಿಸಿದೆವು. ಅಭ್ಯಾಸ ಹಾಳೆಗಳನ್ನು ಶಿಕ್ಷಕರೇ ತಯಾರಿಸಿದರು. 'ಪೋರ್ಷನ್ ಮುಗಿಯಲ್ಲ ಮೇಡಂ' ಎಂದು ತಕರಾರು ಬಂತು. ಕೂತು ಮಾತನಾಡಿದೆವು. ನಾನೂ ಅದೇ ಪಾಠ ಮಾಡಿದವಳಾದ್ದರಿಂದ ಮಾತು ಮುಂದೆ ಹೋಯಿತು.

ಆ ಮಕ್ಕಳು ಹತ್ತನೇ ಕ್ಲಾಸಿಗೆ ಬರುವ ಮೊದಲೇ ನಾನು ನಿವೃತ್ತಳಾದೆ. ನನ್ನ ನಂತರ ಬಂದವರು ಹಾಳೆಗಳನ್ನು ಬಿಡಲಿಲ್ಲ. ಪಾಸಾಗುವಷ್ಟು ಪ್ರಶ್ನೆಗಳನ್ನು ಮಾತ್ರ ಉರು ಹೊಡೆಸುವ ಪಾಸಿಂಗ್ ಪ್ಯಾಕೇಜನ್ನೂ ಬಿಡಲಿಲ್ಲ.