ದೆಹಲಿಯಲ್ಲಿ ಊಟಕ್ಕೆ ಎಲ್ಲಿಗೆ? ಮೊದಲು ಬಡಾವಣೆ ಆರಿಸಿ, ಹೋಟೆಲ್ ಆಮೇಲೆ

ದೆಹಲಿಗೆ ಹೊರಟವರು ‘ಅಲ್ಲಿ ಒಳ್ಳೆ ಹೋಟೆಲ್ ಯಾವುದು?’ ಅಂತ ಕೇಳುತ್ತಾರೆ. ಹತ್ತು ಹೆಸರು ಹೇಳಬಹುದು. ಆದರೆ ಆ ಹತ್ತೂ ಊರಿನ ಹತ್ತು ಮೂಲೆಯಲ್ಲಿರುತ್ತವೆ, ಟ್ರಾಫಿಕ್‌ನಲ್ಲಿ ಕೂತೇ ಹಸಿವು ಇಂಗಿಹೋಗುತ್ತದೆ. ಅದಕ್ಕೆ ನಾನು ಹೇಳುವುದು ಇಷ್ಟು: ಹೋಟೆಲ್ ಹೆಸರಿಗಿಂತ ಮೊದಲು ಬಡಾವಣೆಯ ಹೆಸರು ಬರೆದುಕೊಳ್ಳಿ. ಈ ಊರಿಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕಡೆಯಿಂದ ಜನ ಬಂದರು, ಒಂದೊಂದು ಕಡೆ ನೆಲೆ ನಿಂತರು, ತಮ್ಮವರು ತಿನ್ನಲಿ ಅಂತ ಅಡುಗೆ ಶುರು ಮಾಡಿದರು. ಆ ಜಾಗಕ್ಕೆ ಹೋಗಿ, ಅಲ್ಲಿನವರೇ ತುಂಬಿಕೊಂಡಿರುವ ಅಂಗಡಿಯಲ್ಲಿ ಕೂತರೆ ಸಾಕು.

ಮೊದಲ ಕೆಲಸ, ಮೆಟ್ರೊ ನಕ್ಷೆ ತೆಗೆಯುವುದು. ಹಳದಿ ಮಾರ್ಗ ಒಂದನ್ನೇ ಹಿಡಿದರೂ ವಿಧಾನಸಭಾ, ಚಾಂದನಿ ಚೌಕ್, ರಾಜೀವ್ ಚೌಕ್, ಐಎನ್‌ಎ, ಗ್ರೀನ್ ಪಾರ್ಕ್ ಎಲ್ಲ ಒಂದೇ ಗೆರೆಯ ಮೇಲೆ ಬರುತ್ತವೆ, ಈ ಐದೂ ಊಟದ ನಿಲ್ದಾಣಗಳೇ. ನೇರಳೆ ಮಾರ್ಗದಲ್ಲಿ ಜಾಮಾ ಮಸೀದಿ ಮತ್ತು ಲಾಜಪತ್ ನಗರ ಇವೆ. ಒಂದು ಹೊತ್ತಿಗೆ ಒಂದೇ ಬಡಾವಣೆ ಅಂತ ಇಟ್ಟುಕೊಳ್ಳಿ. ಮಧ್ಯಾಹ್ನ ಚಾಂದನಿ ಚೌಕ್, ರಾತ್ರಿ ಲಾಜಪತ್ ನಗರ, ಇಷ್ಟಾದರೆ ಆ ದಿನಕ್ಕೆ ಜಾಸ್ತಿಯೇ ಆಯಿತು.

ಹಳೆ ದೆಹಲಿಯನ್ನು ಎರಡು ಭಾಗ ಮಾಡಿ

ಹಳೆ ದೆಹಲಿಗೆ ಹೋದವರೆಲ್ಲ ಎಲ್ಲವನ್ನೂ ಒಂದೇ ಸಲ ತಿನ್ನಲು ಹೊರಡುತ್ತಾರೆ, ಎರಡನೇ ಅಂಗಡಿಗೇ ಹೊಟ್ಟೆ ತುಂಬಿಬಿಡುತ್ತದೆ. ಚಾಂದನಿ ಚೌಕದ ಮುಖ್ಯ ರಸ್ತೆ ಮತ್ತು ಅದರ ಗಲ್ಲಿಗಳು ಹಗಲಿಗೆ, ಹೆಚ್ಚಾಗಿ ಸಸ್ಯಾಹಾರಕ್ಕೆ. ಜಾಮಾ ಮಸೀದಿಯ ಸುತ್ತ ಸಂಜೆಯ ಮೇಲೆ, ಮಾಂಸಾಹಾರಕ್ಕೆ. ಈ ಎರಡನ್ನು ಬೇರೆ ಬೇರೆ ದಿನಕ್ಕೆ ಇಟ್ಟರೆ ಇನ್ನೂ ಒಳ್ಳೆಯದು.

ಹಗಲಿನ ಭಾಗಕ್ಕೆ ಹನ್ನೊಂದರ ಹೊತ್ತಿಗೆ ಚಾಂದನಿ ಚೌಕ್ ನಿಲ್ದಾಣದಲ್ಲಿ ಇಳಿಯಿರಿ. ಕೆಂಪುಕೋಟೆ ಕಡೆಯಿಂದ ಫತೇಪುರಿ ಮಸೀದಿವರೆಗಿನ ರಸ್ತೆಯಲ್ಲಿ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ವಾಹನ ಬಿಡುವುದಿಲ್ಲ, 2021ರಲ್ಲಿ ಈ ಹೊಸ ರಸ್ತೆ ತೆರೆದ ಮೇಲೆ ನಡೆಯುವವರಿಗೆ ಎಷ್ಟೋ ಸಲೀಸಾಗಿದೆ. ಮೊದಲು ನಟರಾಜ್‌ನ ದಹಿ ಭಲ್ಲಾ, ಅಂದರೆ ನಮ್ಮ ಮೊಸರುವಡೆಯ ಬಂಧು, ಆದರೆ ಮೇಲೆ ಸಿಹಿ ಹುಣಸೆ ಚಟ್ನಿ ಬಿದ್ದಿರುತ್ತದೆ. 1940ರಿಂದ ಇರುವ ಅಂಗಡಿ. ಕೂರಲು ಜಾಗ ಇಲ್ಲ, ನಿಂತೇ ತಿನ್ನಬೇಕು. ಅಲ್ಲಿಂದ ಪರಾಠೆವಾಲಿ ಗಲಿ. ಇಲ್ಲಿನ ಪರಾಠಾ ಹೆಂಚಿನ ಮೇಲೆ ಬೇಯಿಸಿದ್ದಲ್ಲ, ಬಾಣಲೆಯಲ್ಲಿ ಕರಿದದ್ದು, ಹಳೆಯ ಅಂಗಡಿಗಳಲ್ಲಿ ಈರುಳ್ಳಿ ಬೆಳ್ಳುಳ್ಳಿ ಹಾಕುವುದಿಲ್ಲ. ಇಬ್ಬರಿಗೆ ಒಂದು ಸಾಕು. ಕೊನೆಗೆ ದರೀಬಾ ಕಲಾಂ ಮೂಲೆಯ ಜಲೇಬಿ. 1884ರ ಅಂಗಡಿ, ಜಲೇಬಿ ದಪ್ಪ, ಬಿಸಿ, ತುಪ್ಪದಲ್ಲಿ ಕರಿದದ್ದು, ಒಂದಕ್ಕಿಂತ ಜಾಸ್ತಿ ಹೋಗುವುದಿಲ್ಲ.

ಚಳಿಗಾಲದಲ್ಲಿ ಹೋದರೆ ದೌಲತ್ ಕೀ ಚಾಟ್ ಬಿಡಬೇಡಿ. ಹೆಸರು ಕೇಳಿ ಖಾರದ್ದು ಅಂದುಕೊಳ್ಳಬೇಡಿ, ಅದು ಹಾಲಿನ ನೊರೆಗೆ ಕೇಸರಿ, ಸಕ್ಕರೆ ಹಾಕಿದ್ದು. ಬಾಯಲ್ಲಿಟ್ಟ ಕೂಡಲೇ ಕರಗುತ್ತದೆ. ಚಳಿ ಇದ್ದರೆ ಮಾತ್ರ ನೊರೆ ನಿಲ್ಲುವುದು, ಹಾಗಾಗಿ ಬೇಸಿಗೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಇನ್ನೊಂದು ಮಾತು, ಭಾನುವಾರ ಇಲ್ಲಿನ ಮಾರುಕಟ್ಟೆ ಬಹುಪಾಲು ಮುಚ್ಚಿರುತ್ತದೆ.

ಸಂಜೆಯ ಭಾಗಕ್ಕೆ ಜಾಮಾ ಮಸೀದಿ ನಿಲ್ದಾಣ. ಮಸೀದಿಯ ಒಂದನೇ ಗೇಟಿನ ಎದುರು ಮಟಿಯಾ ಮಹಲ್ ಬೀದಿ. 1913ರ ಕರೀಮ್ಸ್ ಹೋಟೆಲ್ ಇರುವುದು ಇಲ್ಲಿನ ಒಂದು ಸಣ್ಣ ಓಣಿಯ ಒಳಗೆ, ಅಲ್ಲಿಗೆ ಎಲ್ಲರೂ ಹೋಗುತ್ತಾರೆ, ಹೋಗಬೇಕಾದ್ದೇ. ಆದರೆ ಬೀದಿಯನ್ನು ಒಂದು ಸಲ ಪೂರ್ತಿ ನಡೆದು ನೋಡಿ, ಕಬಾಬ್ ಸುಡುವ ಒಲೆಗಳು, ಕೊರ್ಮಾದ ಹಂಡೆಗಳು, ಶೀರ್‌ಮಾಲ್ ರೊಟ್ಟಿ ಪೇರಿಸಿಟ್ಟ ಅಂಗಡಿಗಳು ಸಾಲಾಗಿ ಬರುತ್ತವೆ, ಆಮೇಲೆ ಕೂತುಕೊಳ್ಳಿ. ನಿಹಾರಿ ಬೇಕಿದ್ದವರು ಮಾತ್ರ ಬೆಳಿಗ್ಗೆಯೇ ಬರಬೇಕು. ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೆಂದ ಮಾಂಸ ಅದು, ಒಳ್ಳೆಯ ಅಂಗಡಿಗಳಲ್ಲಿ ಬೇಗ ಖಾಲಿಯಾಗುತ್ತದೆ. ರಂಜಾನ್ ತಿಂಗಳಲ್ಲಿ ಈ ಬೀದಿ ನಡುರಾತ್ರಿಯ ಮೇಲೂ ಎಚ್ಚರವಾಗಿರುತ್ತದೆ.

1947 ತಂದ ಊಟ

ಇವತ್ತು ದೇಶವೆಲ್ಲ ‘ದೆಹಲಿ ಊಟ’ ಅಂತ ತಿನ್ನುವುದರಲ್ಲಿ ದೊಡ್ಡ ಪಾಲು ದೇಶವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದ ಪಂಜಾಬಿಗಳದ್ದು. ತಂದೂರಿ ಕೋಳಿ, ಬಟರ್ ಚಿಕನ್ ಹೆಸರಾಗಿದ್ದು ಪೇಶಾವರದಿಂದ ಬಂದವರು ದರಿಯಾಗಂಜ್‌ನಲ್ಲಿ ತೆರೆದ ಮೋತಿ ಮಹಲ್‌ನಿಂದ. ಬಟರ್ ಚಿಕನ್ ಮೊದಲು ಮಾಡಿದವರು ಯಾರು ಅನ್ನುವ ವಿಷಯ 2024ರಲ್ಲಿ ದೆಹಲಿ ಹೈಕೋರ್ಟ್ ಮೆಟ್ಟಿಲನ್ನೇ ಹತ್ತಿದೆ. ಸಸ್ಯಾಹಾರಿಗಳು ಪಹಾಡ್‌ಗಂಜ್‌ನ ಸೀತಾರಾಮ್ ದಿವಾನ್‌ಚಂದ್‌ಗೆ ಹೋಗಿ, ಛೋಲೆ ಭಟೂರೆಗೆ. ಅದನ್ನು ತಿಂಡಿಗೇ ತಿನ್ನಿ, ಮಧ್ಯಾಹ್ನದ ಊಟ ಬೇಕಾಗುವುದಿಲ್ಲ.

ಆಮೇಲೆ ಬಂದವರ ಬಡಾವಣೆಗಳು

ನನ್ನ ಪ್ರಕಾರ ದೆಹಲಿಯ ನಿಜವಾದ ಸಂಪತ್ತು ಇಲ್ಲಿದೆ, ಪ್ರವಾಸಿಗರು ತಪ್ಪಿಸಿಕೊಳ್ಳುವುದೂ ಇದನ್ನೇ.

ವಿಧಾನಸಭಾ ನಿಲ್ದಾಣದಲ್ಲಿ ಇಳಿದು ಇ-ರಿಕ್ಷಾ ಹತ್ತಿದರೆ ಮಜ್ನು ಕಾ ಟೀಲಾ. ಯಮುನೆಯ ದಂಡೆಯ ಟಿಬೆಟಿಯನ್ನರ ವಸತಿ, ಎರಡು ಕಾರು ಹೋಗಲಾರದ ಓಣಿಗಳು. ಮೊಮೊ ಎಲ್ಲ ಕಡೆ ಸಿಗುತ್ತದೆ, ಅಲ್ವಾ? ಇಲ್ಲಿ ಲಾಫಿಂಗ್ ತಿನ್ನಿ, ಹಿಟ್ಟಿನ ತಣ್ಣನೆಯ ಹಾಳೆಗೆ ಖಾರ, ಬೆಳ್ಳುಳ್ಳಿ ಹಚ್ಚಿ ಸುತ್ತಿ ಕೊಡುತ್ತಾರೆ. ಚಳಿಯಿದ್ದರೆ ಥುಕ್ಪಾ, ಅಂದರೆ ನೂಡಲ್ಸ್ ಹಾಕಿದ ಬಿಸಿ ಸೂಪು. ಬೈಲಕುಪ್ಪೆಯಲ್ಲಿ ಅಥವಾ ಮುಂಡಗೋಡದಲ್ಲಿ ಟಿಬೆಟಿಯನ್ ಊಟ ಮಾಡಿದವರಿಗೆ ಇಲ್ಲಿ ಏನೂ ಹೊಸದು ಅನ್ನಿಸುವುದಿಲ್ಲ, ಧೈರ್ಯವಾಗಿ ಹೋಗಬಹುದು.

ಲಾಜಪತ್ ನಗರದಲ್ಲಿ ಅಫ್ಗನ್ನರಿದ್ದಾರೆ. ತಮ್ಮ ದೇಶದ ಯುದ್ಧದಿಂದ ತಪ್ಪಿಸಿಕೊಂಡು ಬಂದವರು, ಚಿಕಿತ್ಸೆಗೆ ಬಂದವರು, ಅವರಿಗಾಗಿ ತೆರೆದ ಹೋಟೆಲ್ಲುಗಳು. ಮೊಣಕೈಯುದ್ದದ ನಾನ್, ಒಣದ್ರಾಕ್ಷಿ ಕ್ಯಾರೆಟ್ ಹಾಕಿದ ಕಾಬೂಲಿ ಪಲಾವ್, ಮಾಂಸ ತುಂಬಿ ಮೊಸರು ಸುರಿದ ಮಂತು ಎಂಬ ಕಡುಬು. ಖಾರ ಕಡಿಮೆ, ಮಕ್ಕಳಿಗೂ ಹಿಡಿಸುತ್ತದೆ. ಸಸ್ಯಾಹಾರಿಗಳು ಆಲೂಗಡ್ಡೆ ಅಥವಾ ಸೊಪ್ಪು ತುಂಬಿದ ಬೋಲಾನಿ ರೊಟ್ಟಿ ಕೇಳಬಹುದು.

ಗ್ರೀನ್ ಪಾರ್ಕ್‌ನಿಂದ ಹುಮಾಯೂನ್‌ಪುರಕ್ಕೆ ಹೋದರೆ ಮಣಿಪುರ, ನಾಗಾಲ್ಯಾಂಡ್‌ನ ಅಡುಗೆ: ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸ, ಹುದುಗಿಸಿದ ಸೋಯಾ, ಕಳಲೆ. ಮಲೆನಾಡಿನವರಿಗೂ ಕೊಡಗಿನವರಿಗೂ ಕಳಲೆಯ ವಾಸನೆ ಹೇಗೂ ಗೊತ್ತು. ಚಿತ್ತರಂಜನ್ ಪಾರ್ಕ್ ಪೂರ್ವ ಬಂಗಾಳದಿಂದ ಬಂದವರಿಗೆ ಕೊಟ್ಟ ಬಡಾವಣೆ, ಅಲ್ಲಿನ ಒಂದನೇ, ಎರಡನೇ ಮಾರ್ಕೆಟ್‌ಗೆ ಸಂಜೆ ಹೋಗಿ, ಮೀನಿನ ಫ್ರೈ ತಿಂದು ಮಿಷ್ಟಿ ದೋಯಿ, ಅಂದರೆ ಸಿಹಿ ಮೊಸರು, ಕಟ್ಟಿಸಿಕೊಳ್ಳಿ. ಸಮಯ ಕಡಿಮೆ ಇದೆಯೇ? ಐಎನ್‌ಎ ಹತ್ತಿರದ ದಿಲ್ಲಿ ಹಾಟ್‌ನಲ್ಲಿ ಹಲವು ರಾಜ್ಯಗಳ ಮಳಿಗೆ ಒಂದೇ ಕಡೆ ಇವೆ, ಪ್ರವೇಶಕ್ಕೆ ಟಿಕೆಟ್ ಇದೆ.

ಅನ್ನ ಸಾರು ಬೇಕೆನಿಸಿದಾಗ

ಮೂರನೇ ದಿನಕ್ಕೆ ಬೇಕೆನಿಸುತ್ತದೆ, ಇದರಲ್ಲಿ ಸಂಕೋಚ ಬೇಡ. ಆರ್.ಕೆ. ಪುರಂನ ರಾವ್ ತುಲಾರಾಮ್ ರಸ್ತೆಯಲ್ಲಿ ದೆಹಲಿ ಕರ್ನಾಟಕ ಸಂಘದ ಕಟ್ಟಡ ಇದೆ, ಅಲ್ಲೇ ನಮ್ಮ ಊಟ ತಿಂಡಿ ಸಿಗುತ್ತದೆ. ಅಶೋಕ ರಸ್ತೆಯ ಆಂಧ್ರ ಭವನದ ಕ್ಯಾಂಟೀನಿನಲ್ಲಿ ಮೊದಲು ಕೂಪನ್ ತೆಗೆದುಕೊಂಡು ಕಾಯಬೇಕು. ಕೂತ ಮೇಲೆ ಅನ್ನ, ಪಪ್ಪು, ಚಟ್ನಿಪುಡಿ, ತುಪ್ಪ, ಸಾಕು ಅನ್ನುವವರೆಗೆ ಬಡಿಸುತ್ತಾರೆ. ಒಂದು ಗಂಟೆಗೆ ಕಚೇರಿಗಳ ಜನ ನುಗ್ಗುತ್ತಾರೆ, ಅದಕ್ಕೆ ಮೊದಲೇ ಹೋಗಿಬಿಡಿ. ದೋಸೆಗೆ ಡಿಫೆನ್ಸ್ ಕಾಲೊನಿಯ ಸಾಗರ್ ಇದೆ. ಕಾರ್ಕಳ ಕಡೆಯ ಜಯರಾಮ್ ಬನಾನ್ 1986ರಲ್ಲಿ ಶುರು ಮಾಡಿದ್ದು, ಮುಂದೆ ಸಾಗರ್ ರತ್ನ ಆಗಿ ಉತ್ತರ ಭಾರತಕ್ಕೆಲ್ಲ ದೋಸೆಯ ರುಚಿ ಹತ್ತಿಸಿತು.

ಒಂದು ಹೊತ್ತು ಬಂಗ್ಲಾ ಸಾಹಿಬ್ ಗುರುದ್ವಾರಕ್ಕೆ ಇಡಿ. ತಲೆಗೆ ಬಟ್ಟೆ ಕಟ್ಟಿ, ಚಪ್ಪಲಿ ಬಿಟ್ಟು, ಸಾಲಿನಲ್ಲಿ ನೆಲದ ಮೇಲೆ ಕೂತರೆ ದಾಲ್ ರೊಟ್ಟಿ ಬಡಿಸುತ್ತಾರೆ, ಯಾರೂ ಹೆಸರು, ಜಾತಿ ಕೇಳುವುದಿಲ್ಲ. ರೊಟ್ಟಿಯನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳಿ, ತಟ್ಟೆಯಲ್ಲಿ ಬಿಡಬೇಡಿ. ಪುರುಸೊತ್ತಿದ್ದರೆ ಪಾತ್ರೆ ತೊಳೆಯಲು ಕೈ ಹಾಕಬಹುದು.

ದೊಡ್ಡ ರೆಸ್ಟೋರೆಂಟಿಗೆ ಹೋದರೆ ಬಿಲ್ ಓದಿ ದುಡ್ಡು ಕೊಡಿ. ಸರ್ವಿಸ್ ಚಾರ್ಜ್ ಕಡ್ಡಾಯ ಮಾಡುವಂತಿಲ್ಲ ಅಂತ 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ, ಹಾಕಿದ್ದರೆ ತೆಗೆಸಿ. ಮಾಣಿಗೆ ಕೊಡಬೇಕು ಅನ್ನಿಸಿದ್ದನ್ನು ಅವನ ಕೈಗೇ ಕೊಡಿ. ರಾತ್ರಿ ಮೆಟ್ರೊ ಹನ್ನೊಂದರ ಸುಮಾರಿಗೆ ನಿಲ್ಲುತ್ತದೆ, ಹತ್ತಕ್ಕೆಲ್ಲ ಊಟ ಮುಗಿಸಿ ಎದ್ದರೆ ಆರಾಮವಾಗಿ ಸಿಗುತ್ತದೆ.