ಬೀಗದ ಚಿತ್ರ ನಂಬಿ ಕೆಟ್ಟೆ

ಮೂರು ಕಾಲಿನ ಟ್ರೈಪಾಡಿಗೆ ದುಡ್ಡು ಕೊಟ್ಟೆ. ಮನೆಗೆ ಬಂದಿದ್ದು ಎರಡು ಕಾಲಿನ ಸಾಕ್ಸು. ಈಗ ನಗುತ್ತಾ ಹೇಳುತ್ತೇನೆ, ಅವತ್ತು ನಗು ಬಂದಿರಲಿಲ್ಲ.

ರಾತ್ರಿ ಮಲಗಿಕೊಂಡು ಮೊಬೈಲ್ ನೋಡುತ್ತಿದ್ದಾಗ ಆ ಜಾಹೀರಾತು ಕಣ್ಣಿಗೆ ಬಿತ್ತು. ಅಂಗಡಿ ಮುಚ್ಚುತ್ತಿದ್ದೇವೆ, ಇರುವ ಮಾಲೆಲ್ಲ ಕಾಲು ಬೆಲೆಗೆ ಅಂತ ಬರೆದಿತ್ತು. ಕೆಳಗೊಂದು ಗಡಿಯಾರ, ಇನ್ನು ಹತ್ತೇ ನಿಮಿಷ ಅಂತ ಸೆಕೆಂಡು ಎಣಿಸುತ್ತಿತ್ತು. ಯೋಚಿಸೋಕೆ ಪುರುಸೊತ್ತೆಲ್ಲಿ? ವಿಳಾಸದ ಪಕ್ಕ ಬೀಗದ ಚಿತ್ರ ಇದೆಯಾ ಅಂತ ಮಾತ್ರ ನೋಡಿದೆ. ಇತ್ತು. ಡೆಬಿಟ್ ಕಾರ್ಡಿನ ನಂಬರ್ ಒತ್ತಿಬಿಟ್ಟೆ. ಮರುದಿನ ಅದೇ ಪುಟ ತೆರೆದರೆ ಗಡಿಯಾರ ಮತ್ತೆ ಹತ್ತು ನಿಮಿಷದಿಂದಲೇ ಶುರುವಾಯಿತು.

ಆ ಬೀಗ ಹೇಳುವುದು ಇಷ್ಟೇ: ನೀವು ಕಳಿಸಿದ್ದನ್ನು ದಾರಿಯಲ್ಲಿ ಬೇರೆಯವರು ಓದಲಾರರು. ಆ ಕಡೆ ಕೂತವನು ಸಾಚಾನೋ ಅಲ್ಲವೋ, ಅದಕ್ಕೆ ಗೊತ್ತಿಲ್ಲ. ಕಳ್ಳನೂ ತನ್ನ ಮನೆಗೆ ಬೀಗ ಹಾಕಿಕೊಳ್ಳುತ್ತಾನೆ, ಅಲ್ವಾ? ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಇದಕ್ಕೆ ಬೇಕಾದ ಸರ್ಟಿಫಿಕೇಟನ್ನು 2015ರಿಂದ ಪುಕ್ಕಟೆ ಕೊಡುತ್ತಿದೆ. ಒಳ್ಳೆಯ ಕೆಲಸವೇ, ಆದರೆ ಮೋಸದ ಸೈಟಿಗೂ ಅದು ಸುಲಭವಾಗಿ ಸಿಗುತ್ತದೆ. ಜನ ತಪ್ಪು ತಿಳಿಯುತ್ತಿದ್ದಾರೆ ಅಂತಲೇ ಕ್ರೋಮ್ ಬ್ರೌಸರ್ 2023ರಲ್ಲಿ ಬೀಗದ ಚಿತ್ರ ತೆಗೆದು ಬೇರೆ ಗುರುತು ಹಾಕಿತು. ನನ್ನ ಕಥೆ ಅದಕ್ಕಿಂತ ಹಿಂದಿನದು.

ಏನೂ ಕಳಿಸದೆ ಸುಮ್ಮನಿರಬಹುದಿತ್ತು, ಸಾಕ್ಸ್ ಯಾಕೆ ಕಳಿಸಿದರು? ಅದು ಆಮೇಲೆ ಗೊತ್ತಾಯಿತು. ನಾನು ಬ್ಯಾಂಕಿಗೆ ದೂರು ಕೊಟ್ಟಾಗ ಆ ಅಂಗಡಿಯವರು ಟ್ರ್ಯಾಕಿಂಗ್ ನಂಬರ್ ತೋರಿಸಿದರು. 'ಪಾರ್ಸೆಲ್ ತಲುಪಿದೆ' ಅಂತ ದಾಖಲೆ ಇತ್ತು. ಅದಕ್ಕೇ ಆ ಸಾಕ್ಸು! ನನ್ನ ಪುಣ್ಯ, ಕವರ್ ಎಸೆದಿರಲಿಲ್ಲ. ಅದರ ಮೇಲಿನ ಚೀಟಿಯಲ್ಲಿ ತೂಕ 90 ಗ್ರಾಂ ಅಂತ ಅಚ್ಚಾಗಿತ್ತು. ಅವರದೇ ಪುಟದಲ್ಲಿ ಟ್ರೈಪಾಡಿನ ತೂಕ ಒಂದೂವರೆ ಕಿಲೋ. ಎರಡರ ಫೋಟೋ ಜೊತೆಗಿಟ್ಟು ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಿಂದ ಹೋದ ದುಡ್ಡನ್ನು ಬ್ಯಾಂಕಿನ ಮೂಲಕ ವಾಪಸ್, ಕೇಳಿದೆ. ದುಡ್ಡು ವಾಪಸ್ ಬರೋಕೆ ಎರಡು ತಿಂಗಳು ಹಿಡಿಯಿತು. ಡೆಬಿಟ್ ಕಾರ್ಡ್ ಆದ್ದರಿಂದ ಅಷ್ಟು ದಿನ ಹೋಗಿದ್ದು ನನ್ನದೇ ಖಾತೆಯ ದುಡ್ಡು. ಅದಾದ ಮೇಲೆ ಹೊಸ ಅಂಗಡಿ ಅಂದರೆ ಕಡಿಮೆ ಮಿತಿ ಇಟ್ಟ ಕ್ರೆಡಿಟ್ ಕಾರ್ಡ್ ಮಾತ್ರ, ಅದನ್ನೂ ಸೈಟಿನಲ್ಲಿ ಸೇವ್ ಮಾಡುವುದಿಲ್ಲ. ಪಾರ್ಸೆಲ್ ಬಿಚ್ಚುವಾಗ ಮೊದಲು ಚೀಟಿ ತೋರಿಸಿ, ಎಲ್ಲೂ ನಿಲ್ಲಿಸದೆ ವಿಡಿಯೋ ಮಾಡುತ್ತೇನೆ. ಮನೆಯವರು ನಗುತ್ತಾರೆ, ನಗಲಿ.

ಇದರ ನಡುವೆ ಇನ್ನೊಂದು ಪ್ರಸಂಗ. ಸಿಟ್ಟಿನಲ್ಲಿ ಆ ಜಾಹೀರಾತಿನ ಕೆಳಗೇ ನನ್ನ ದೂರು ಬರೆದಿದ್ದೆ. ನಾಲ್ಕನೇ ದಿನ ಫೋನ್ ಬಂತು. 'ರಿಫಂಡ್ ವಿಭಾಗದಿಂದ ಮಾತಾಡ್ತಿದ್ದೀವಿ ಸರ್, ಒಂದು ಆ್ಯಪ್ ಹಾಕ್ಕೊಳ್ಳಿ, ನಿಮ್ಮ ಸ್ಕ್ರೀನ್ ನೋಡಿ ನಾವೇ ದುಡ್ಡು ಹಾಕ್ತೀವಿ.' ನನ್ನ ಆರ್ಡರ್ ನಂಬರನ್ನೂ ಸರಿಯಾಗಿ ಹೇಳಿದ! ಹೇಳದೆ ಏನು, ಮಾರಿದವನ ಹತ್ತಿರವೇ ಅದು ಇತ್ತಲ್ಲ. ಆ್ಯಪ್ ಅರ್ಧ ಇಳಿದಿತ್ತು. ಅಷ್ಟರಲ್ಲಿ ಅವನು ಒಟಿಪಿ ಬರುತ್ತೆ ಅಂದ. ದುಡ್ಡು ತಗೊಳ್ಳುವವನಿಗೆ ಒಟಿಪಿ ಯಾಕಪ್ಪಾ ಅಂತ ತಲೆಗೆ ಹೊಳೆದು ಫೋನ್ ಇಟ್ಟೆ.

ಈಗ ಯಾವುದೇ ಸೈಟಿನ ವಿಳಾಸವನ್ನು ಹಿಂದಿನಿಂದ ಓದುತ್ತೇನೆ. ಶುರುವಿನ https:// ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಯ (/) ತನಕ ಮಾತ್ರ ಲೆಕ್ಕ. ಅಲ್ಲಿಂದ ಎಡಕ್ಕೆ ಬಂದರೆ 'ಡಾಟ್ ಕಾಮ್' ಸಿಗುತ್ತದೆ, ಅದರ ಹಿಂದಿನ ಪದವೇ ಯಜಮಾನ. 'ದೊಡ್ಡಂಗಡಿ ಡಾಟ್ ಆಫರ್‌ಗಳು ಡಾಟ್ ಕಾಮ್' ಅಂತಿದ್ದರೆ ಅದು ದೊಡ್ಡಂಗಡಿಯದಲ್ಲ, 'ಆಫರ್‌ಗಳು' ಎಂಬ ಹೆಸರು ಕೊಂಡವನದು. ಮುಂದಿರುವುದು ಅವನು ನೇತುಹಾಕಿಕೊಂಡ ಬೋರ್ಡು ಅಷ್ಟೇ. ಇಂಗ್ಲಿಷಿನ ಆರ್, ಎನ್ ಅಕ್ಷರಗಳು ಪಕ್ಕಪಕ್ಕ ಕೂತರೆ ಸಣ್ಣ ಪರದೆಯಲ್ಲಿ ಎಮ್ ಥರಾನೇ ಕಾಣುತ್ತವೆ. ನನ್ನ ಕಣ್ಣು ಇದರಲ್ಲಿ ಮೋಸ ಹೋಗುತ್ತದೆ, ಪಾಸ್‌ವರ್ಡನ್ನು ಸೈಟಿನ ವಿಳಾಸದ ಜೊತೆಗೇ ನೆನಪಿಟ್ಟುಕೊಳ್ಳುವ ಪಾಸ್‌ವರ್ಡ್ ಮ್ಯಾನೇಜರ್ ಹೋಗುವುದಿಲ್ಲ. ಖಾತೆ ಇರುವ ಅಂಗಡಿಯಲ್ಲಿ ಅದು ತಾನಾಗಿ ಪಾಸ್‌ವರ್ಡ್ ತುಂಬದೆ ಸುಮ್ನೆ ಕೂತರೆ ನಾನೂ ಕೈ ಕಟ್ಟಿ ಕೂರುತ್ತೇನೆ.

ಹೊಸ ಅಂಗಡಿಯಾದರೆ ಹೂಈಸ್ ಎಂಬ, ಸೈಟಿನ ಹೆಸರುಗಳ ನೋಂದಣಿ ಮಾಹಿತಿ ತೋರಿಸುವ ಕಡೆ ಹೋಗಿ ಆ ಹೆಸರು ನೋಂದಣಿಯಾದ ದಿನ ನೋಡುತ್ತೇನೆ. ಎಲ್ಲ ಮುಗಿದ ಮೇಲೆ ಟ್ರೈಪಾಡಿನವರದ್ದೂ ನೋಡಿದೆ. '20 ವರ್ಷಗಳ ನಂಬಿಕೆ' ಅಂತ ಬರೆದುಕೊಂಡಿದ್ದ ಆ ಸೈಟಿಗೆ, ನಾನು ಕೊಂಡ ದಿನ 19 ದಿನ ತುಂಬಿತ್ತು. ಹಳೆಯ ಹೆಸರು ಕೊಂಡು ಮೋಸ ಮಾಡುವವರೂ ಇದ್ದಾರೆ. ಹಾಗಾಗಿ ವಸ್ತುವಿನ ಫೋಟೋವನ್ನೂ ಇಮೇಜ್ ಸರ್ಚಿಗೆ ಹಾಕುತ್ತೇನೆ. ಒಂದೇ ಫೋಟೋ ಹತ್ತು ಹೆಸರಿನ ಅಂಗಡಿಗಳಲ್ಲಿ ಸಿಕ್ಕರೆ ಅಲ್ಲಿಗೆ ಬಿಟ್ಟೆ. ವಿಮರ್ಶೆಗಳಲ್ಲಿ ಐದು ಸ್ಟಾರ್‌ನವನ್ನು ಓದುವುದೇ ಇಲ್ಲ, ಮೂರು ಸ್ಟಾರ್ ಕೊಟ್ಟವರೇ ಜಾಸ್ತಿ ಕೆಲಸಕ್ಕೆ ಬರುವ ಮಾತು ಹೇಳುತ್ತಾರೆ. ಪಾರ್ಸೆಲ್ ನಿಂತಿದೆ, ಶುಲ್ಕ ಕಟ್ಟಿ ಅಂತ ಬರುವ ಮೆಸೇಜಿನ ಲಿಂಕ್ ಒತ್ತುವುದಿಲ್ಲ. ಕೊರಿಯರ್‌ನವರ ಸೈಟಿಗೆ ನಾನೇ ಹೋಗಿ ನಂಬರ್ ಹಾಕಿ ನೋಡುತ್ತೇನೆ.

ಟ್ರೈಪಾಡನ್ನು ಕೊನೆಗೆ ಬೇರೆ ಕಡೆ ಪೂರ್ತಿ ಬೆಲೆ ಕೊಟ್ಟು ತಗೊಂಡೆ. ಸಾಕ್ಸ್ ಇನ್ನೂ ಇದೆ. ಒಂದು ಸಲ ಒಗೆದಿದ್ದಕ್ಕೇ ಬೆರಳು ಮಾತ್ರ ಹಿಡಿಸುವಷ್ಟು ಕುಗ್ಗಿದೆ.